ಹೈಜೀನ್ ಅಂದರೆ ಬರೀ ತೊಳೆಯುವುದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಪದಗಳ ಅಂಕಣದಲ್ಲಿ ಕಳೆದ ವಾರ ‘ಹೈಜೀನ್’ ಎಂಬ ಇಂಗ್ಲಿಷ್ ಪದದ ಸರದಿ ಬಂದಿತ್ತು. ‘ಹೈಜೀನ್ ಅಂದರೆ ಶುಚಿತ್ವ. ಗ್ರೀಕರ ಶುಚಿತ್ವದ ದೇವತೆಯ ಹೆಸರಿನಿಂದ ಬಂದದ್ದು’ ಎಂದು ಎರಡೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಎರಡನೆಯ ಸಾಲು ಪೂರ್ತಿ ತಪ್ಪು. ಮೊದಲನೆಯದು ಅರ್ಧ ಸರಿ. ನನಗೆ ಹೆಚ್ಚು ತಕರಾರು ಇರುವುದು ಆ ಅರ್ಧ ಸರಿಯ ಮೇಲೆಯೇ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಸೋಂಕು ನಿಯಂತ್ರಣದ ಪಾಠ ಹೇಳುತ್ತ ನಿವೃತ್ತಿಯಾದವಳು ನಾನು. ಈ ಅರ್ಧ ಅರ್ಥವನ್ನು ತಲೆಯಿಂದ ತೆಗೆಸುವುದರಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ. ಆದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ಸೈರಿಸಿಕೊಳ್ಳಿ.

ಮೊದಲು ದೇವತೆಯ ವಿಷಯ. ಹೈಜಿಯಾ ಶುಚಿತ್ವದ ದೇವತೆಯಲ್ಲ, ಆರೋಗ್ಯದ ದೇವತೆ. ಗ್ರೀಕರ ವೈದ್ಯದೇವ ಆಸ್ಕ್ಲೀಪಿಯಸ್‌ನ ಮಗಳು. ಅವಳಿಗೆ ಪ್ಯಾನಸೀಯ ಎಂಬ ತಂಗಿಯೋ ಅಕ್ಕನೋ ಇದ್ದಾಳೆ. ಆ ಹೆಸರಿನ ಅರ್ಥ ‘ಎಲ್ಲವನ್ನೂ ವಾಸಿ ಮಾಡುವವಳು’. ಬಿದ್ದ ಕಾಯಿಲೆಯನ್ನು ವಾಸಿ ಮಾಡುವುದು ಪ್ಯಾನಸೀಯಳ ಇಲಾಖೆ. ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದು ಹೈಜಿಯಾಳದು. ಹಿಪೊಕ್ರಟಿಸನ ಹೆಸರಿನ ಹಳೆಯ ವೈದ್ಯಪ್ರತಿಜ್ಞೆ ಶುರುವಾಗುವುದೇ ಅಪೊಲೊ, ಆಸ್ಕ್ಲೀಪಿಯಸ್, ಹೈಜಿಯಾ, ಪ್ಯಾನಸೀಯ ಇವರ ಮೇಲೆ ಆಣೆ ಇಟ್ಟು. ಅಕ್ಕತಂಗಿಯರಿಬ್ಬರನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾರೆ ಎಂಬುದನ್ನು ಗಮನಿಸಿ. ಇಂಗ್ಲಿಷಿನಲ್ಲಿ ಇಬ್ಬರ ಪಾಡೂ ಏನಾಯಿತು ನೋಡಿ: ಒಬ್ಬಳ ಹೆಸರು ‘ಸರ್ವರೋಗಕ್ಕೂ ಒಂದೇ ಮದ್ದು’ ಎಂದು ವ್ಯಂಗ್ಯವಾಡಲು ಬಳಕೆಯಾಗುತ್ತಿದೆ, ಇನ್ನೊಬ್ಬಳದು ಸಾಬೂನಿನ ಜಾಹೀರಾತಿಗೆ ಹೋಗಿ ಸೇರಿದೆ.

ಅವಳು ಶುಚಿತ್ವದ ದೇವತೆಯಾಗಿದ್ದರೆ ನಡೆಯಲಾರದಿದ್ದ ಸಂಗತಿಯೊಂದನ್ನು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಗ್ರೀಸಿನ ಟಿಟೇನ್ ಎಂಬಲ್ಲಿದ್ದ ಆಸ್ಕ್ಲೀಪಿಯಸ್ ಗುಡಿಯಲ್ಲಿ ಹೈಜಿಯಾಳ ವಿಗ್ರಹವೂ ಇತ್ತಂತೆ. ಹೆಂಗಸರು ಕತ್ತರಿಸಿ ಒಪ್ಪಿಸಿದ ಕೂದಲು ಮತ್ತು ಬ್ಯಾಬಿಲೋನಿನ ಬಟ್ಟೆಯ ಪಟ್ಟಿಗಳು ಅದರ ಮೇಲೆ ಎಷ್ಟು ತುಂಬಿಕೊಂಡಿದ್ದವೆಂದರೆ ವಿಗ್ರಹವೇ ಕಾಣುತ್ತಿರಲಿಲ್ಲವಂತೆ. ವರ್ಷಾನುಗಟ್ಟಲೆಯ ಕೂದಲು! ಇಂದಿನ ಹೈಜೀನ್ ಇನ್‌ಸ್ಪೆಕ್ಟರ್ ಒಬ್ಬರು ಅಲ್ಲಿಗೆ ಹೋಗಿದ್ದರೆ ಆ ಹೈಜಿಯಾಳಿಗೇ ನೋಟಿಸ್ ಕೊಟ್ಟು ಬರುತ್ತಿದ್ದರು.

ಇನ್ನು ಪದದ ಬೇರು. ಗ್ರೀಕಿನಲ್ಲಿ ‘ಹುಗಿಯೇಸ್’ ಅಂದರೆ ಗಟ್ಟಿಮುಟ್ಟಾದ, ಆರೋಗ್ಯವಂತ. ಅದರಿಂದ ‘ಹುಗಿಯೇನೆ ಟೆಕ್ನೆ’, ಅಂದರೆ ಆರೋಗ್ಯ ಕಾಯ್ದುಕೊಳ್ಳುವ ಕಲೆ. ‘ಟೆಕ್ನೆ’ ಉದುರಿಹೋಗಿ ವಿಶೇಷಣವೊಂದೇ ಉಳಿಯಿತು. ಅದು ಫ್ರೆಂಚಿನ ಬಾಯಲ್ಲಿ ಪಳಗಿ ‘ಇಜಿಯೆನ್’ ಆಗಿ, ಇಂಗ್ಲಿಷಿಗೆ ಬಂದು ‘ಹೈಜೀನ್’ ಆಯಿತು. ಗ್ರೀಕ್ ಪದವನ್ನು ಇನ್ನೂ ಬಿಡಿಸುತ್ತ ಹೋದರೆ ನಮಗೆ ಪರಿಚಿತ ಮುಖಗಳು ಕಾಣುತ್ತವೆ. ಅದರ ಎರಡನೆಯ ತುಂಡು, ನಾವು ದಿನಬೆಳಗಾದರೆ ಆಡುವ ‘ಜೀವ’ ಎಂಬ ಸಂಸ್ಕೃತ ಪದ ಹುಟ್ಟಿದ ಬೇರಿನಿಂದಲೇ ಬಂದದ್ದು. ಮೊದಲನೆಯ ತುಂಡಿನ ಬಗ್ಗೆ ಭಾಷಾಶಾಸ್ತ್ರಜ್ಞರಲ್ಲಿ ಎರಡು ಪಕ್ಷ. ಅದು ‘ಸುಗುಣ’, ‘ಸುದಿನ’ಗಳಲ್ಲಿರುವ ‘ಸು’ ಎನ್ನುತ್ತದೆ ಒಂದು ಪಕ್ಷ. ಪದದ ಮೊದಲಲ್ಲಿ ಬರುವ ಸಕಾರ ಗ್ರೀಕಿನಲ್ಲಿ ಹಕಾರವಾಗುತ್ತದೆ. ಸಂಸ್ಕೃತದ ‘ಸಪ್ತ’ ಅಲ್ಲಿ ‘ಹೆಪ್ಟ’. ಹಳಗನ್ನಡದ ‘ಪೂ’ ‘ಹೂ’ ಆದದ್ದನ್ನು ಕಂಡ ನಮಗೆ ಇದೇನೂ ಹೊಸ ಚಮತ್ಕಾರವಲ್ಲ. ಇನ್ನೊಂದು ಪಕ್ಷ, ಅದು ‘ಆಯುಸ್ಸು’ ಎಂಬುದರ ದಾಯಾದಿ ಎನ್ನುತ್ತದೆ. ಮೊದಲನೆಯದನ್ನು ಒಪ್ಪಿದರೆ ಹೈಜೀನ್ ಅಂದರೆ ಚೆನ್ನಾದ ಜೀವ, ಎರಡನೆಯದನ್ನು ಒಪ್ಪಿದರೆ ಆಯುಸ್ಸುಳ್ಳ ಜೀವ. ಯಾವ ಕಡೆಯಿಂದ ಹೋದರೂ ಪೊರಕೆ, ಬಕೆಟ್ಟು, ಸಾಬೂನು ಎದುರಾಗುವುದಿಲ್ಲ.

ಇದೇ ಬೇರಿನ ಇನ್ನೊಂದು ಟಿಸಿಲು ಬಯಾಲಜಿಯ ‘ಬಯೋ’. ಇಂಗ್ಲಿಷಿನ ‘ಕ್ವಿಕ್’ ಕೂಡ ಅದೇ ಕುಟುಂಬ. ಈಗ ಅದಕ್ಕೆ ‘ಬೇಗ’ ಎಂಬ ಅರ್ಥವಿದ್ದರೂ ಮೊದಲು ‘ಜೀವಂತ’ ಎಂದಿತ್ತು. ಉಗುರು ತೀರಾ ಆಳಕ್ಕೆ ಕತ್ತರಿಸಿಕೊಂಡಾಗ ಚುರ್ ಎನ್ನುವ ಜಾಗವನ್ನು ಇಂಗ್ಲಿಷಿನವರು ಈಗಲೂ ‘ಕ್ವಿಕ್’ ಎಂದೇ ಕರೆಯುತ್ತಾರೆ. ಇದನ್ನು ಹೇಳಿದಾಗ ತರಗತಿಯಲ್ಲಿ ತೂಕಡಿಸುತ್ತಿದ್ದವರೂ ಒಮ್ಮೆ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಗ್ರೀಕರು ಇಂದಿಗೂ ಎದುರಾದಾಗ ‘ಯಾ ಸು’ ಎನ್ನುತ್ತಾರೆ. ಆ ‘ಯಾ’ ಸವೆದು ಸಣ್ಣದಾದ ಹೈಜಿಯಾ. ‘ನಿನಗೆ ಆರೋಗ್ಯವಿರಲಿ’ ಎಂದು ಅದರ ತಾತ್ಪರ್ಯ. ಪೈಥಾಗರಸನ ಶಿಷ್ಯರು ಕಾಗದ ಬರೆಯುವಾಗ ಮೊದಲಿಗೆ ಆರೋಗ್ಯದ ಹಾರೈಕೆಯನ್ನೇ ಬರೆಯುತ್ತಿದ್ದರು, ಐದು ಮೂಲೆಯ ನಕ್ಷತ್ರದ ಗುರುತನ್ನು ‘ಆರೋಗ್ಯ’ ಎಂದೇ ಕರೆಯುತ್ತಿದ್ದರು ಎಂದು ಲೂಸಿಯನ್ ಎಂಬ ಹಳೆಯ ಲೇಖಕ ಹೇಳುತ್ತಾನೆ. ಲ್ಯಾಟಿನ್ ಕಡೆಯಲ್ಲೂ ಇದೇ ಕಥೆ: ಆರೋಗ್ಯ, ಕ್ಷೇಮಗಳಿಗೆ ‘ಸಾಲುಸ್’ ಎಂಬ ಪದ, ಅದೇ ಹೆಸರಿನ ದೇವತೆ, ಅದರಿಂದಲೇ ಹುಟ್ಟಿದ್ದು ಇಂದಿನ ‘ಸೆಲ್ಯೂಟ್’. ವೈದ್ಯ ಗ್ಯಾಲೆನ್ ಹೈಜೀನಿನ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಅದರಲ್ಲಿರುವುದು ವ್ಯಾಯಾಮ, ಅಂಗಮರ್ದನ, ಸ್ನಾನ, ಊಟ, ನಿದ್ದೆ ಇವುಗಳ ವಿಚಾರ. ಸ್ನಾನವಿದೆ, ಹೌದು. ಆದರೆ ಸಾಲಿನಲ್ಲಿ ಅದೂ ಒಂದು, ಅಷ್ಟೆ.

ಹಾಗಾದರೆ ಈ ಪದ ಬಚ್ಚಲುಮನೆಗೆ ಬಂದು ಕೂತದ್ದು ಯಾವಾಗ? 19ನೇ ಶತಮಾನದಲ್ಲಿ. ಅದಕ್ಕೆ ಸರಿಯಾದ ಕಾರಣವೂ ಇತ್ತು. ನಗರಗಳು ಉಬ್ಬಿದವು, ಕಾಲರಾ ಬಂತು, ಕೊಳಕಿಗೂ ಸಾವಿಗೂ ನಂಟಿದೆ ಎಂಬುದು ಲೆಕ್ಕದಲ್ಲೇ ಕಾಣತೊಡಗಿತು. ಹೈಜೀನಿನ ಜೋಡಿಪದ ‘ಸ್ಯಾನಿಟರಿ’ ಜನರ ಬಾಯಿಗೆ ಬಂದದ್ದು ಈ ಹೊತ್ತಿನಲ್ಲಿ. ಅದೂ ಮೂಲದಲ್ಲಿ ಆರೋಗ್ಯದ ಪದವೇ. ಲ್ಯಾಟಿನ್ನಿನ ‘ಸಾನುಸ್’ ಅಂದರೆ ಸ್ವಸ್ಥ. ಮನಸ್ಸು ನೆಟ್ಟಗಿರುವವರನ್ನು ‘ಸೇನ್’ ಎನ್ನುವುದೂ ಅದರಿಂದಲೇ. ಬ್ರಿಟನ್ನಿನ ದುಡಿಯುವ ಜನರ ‘ಸ್ಯಾನಿಟರಿ ಸ್ಥಿತಿ’ಯ ಬಗ್ಗೆ ಎಡ್ವಿನ್ ಚಾಡ್ವಿಕ್ ಎಂಬ ಸರ್ಕಾರಿ ಅಧಿಕಾರಿ 1842ರಲ್ಲಿ ಕೊಟ್ಟ ವರದಿಯ ಒಂದು ಪಟ್ಟಿಯನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮ್ಯಾಂಚೆಸ್ಟರಿನಲ್ಲಿ ಸತ್ತವರ ಸರಾಸರಿ ವಯಸ್ಸು: ಅನುಕೂಲಸ್ಥರಲ್ಲಿ 38, ಕೂಲಿಕಾರರಲ್ಲಿ 17. ಹಳ್ಳಿಗಾಡಾದ ರಟ್ಲಂಡಿನಲ್ಲಿ: ಅನುಕೂಲಸ್ಥರಲ್ಲಿ 52, ಕೂಲಿಕಾರರಲ್ಲಿ 38. ಶಿಶುಮರಣ ಸೇರಿದ ಸರಾಸರಿಯಾದ್ದರಿಂದ ಅಂಕಿ ಇಷ್ಟು ಕೆಳಗಿವೆ, ನಿಜ. ಆದರೂ ಹಳ್ಳಿಯ ಕೂಲಿಕಾರ ನಗರದ ಶ್ರೀಮಂತನಿಗೆ ಸರಿಸಮನಾಗಿ ಬಾಳುತ್ತಿದ್ದ. ಕೂಲಿಕಾರ ಮುಖ ತೊಳೆಯದ್ದರಿಂದ ಸಾಯುತ್ತಿದ್ದಾನೆ ಎಂದು ಈ ಪಟ್ಟಿ ಹೇಳುವುದಿಲ್ಲ. ಅವನ ಚರಂಡಿ ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತದೆ.

ಇದೇ ಚಾಡ್ವಿಕ್ ಮುಂದೆ ಮಾಡಿದ ಕೆಲಸವೇ ಶುಚಿ ಬೇರೆ, ಹೈಜೀನ್ ಬೇರೆ ಎನ್ನುವುದಕ್ಕೆ ದೊಡ್ಡ ಸಾಕ್ಷಿ. ದುರ್ವಾಸನೆಯೇ ರೋಗ ಎಂದು ಆತ ಗಟ್ಟಿಯಾಗಿ ನಂಬಿದ್ದ. ಆದ್ದರಿಂದ ಲಂಡನ್ನಿನ ಮನೆಗಳ ಕೆಳಗಿನ ಮಲದ ಗುಂಡಿಗಳನ್ನು ಖಾಲಿ ಮಾಡಿಸಿ, ಚರಂಡಿಗಳನ್ನು ನೀರು ಹೊಡೆಸಿ ತೊಳೆಸುವ ಕೆಲಸ ಜೋರಾಗಿ ನಡೆಯಿತು. ಮನೆಗಳ ವಾಸನೆ ಕಡಿಮೆಯಾಯಿತು. ತೊಳೆದದ್ದೆಲ್ಲ ಹೋಗಿ ಸೇರಿದ್ದು ಥೇಮ್ಸ್ ನದಿಯನ್ನು. ಲಂಡನ್ನಿನ ಬಹಳ ಜನ ಕುಡಿಯುತ್ತಿದ್ದದ್ದೂ ಥೇಮ್ಸಿನ ನೀರನ್ನೇ. 1848–49ರ ಕಾಲರಾದಲ್ಲಿ ಲಂಡನ್ನೊಂದರಲ್ಲೇ ಸುಮಾರು 14 ಸಾವಿರ ಜನ ಸತ್ತರು. ಮನೆ ಶುಚಿಯಾಯಿತು, ಊರು ಸತ್ತಿತು. ಕಾಲರಾ ಹರಡುವುದು ಗಾಳಿಯಿಂದಲ್ಲ, ನೀರಿನಿಂದ ಎಂದು ಜಾನ್ ಸ್ನೋ ಎಂಬ ವೈದ್ಯ 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತಲಿನ ಸಾವುಗಳನ್ನು ಮನೆಮನೆ ತಿರುಗಿ ಎಣಿಸಿ ತೋರಿಸಿಕೊಟ್ಟ. ಆ ಪಂಪಿನ ನೀರು ನೋಡಲು ತಿಳಿಯಾಗಿಯೇ ಇತ್ತು. ಚೆನ್ನಾಗಿದೆ ಎಂದು ದೂರದವರೂ ತರಿಸಿಕೊಂಡು ಕುಡಿಯುತ್ತಿದ್ದರು.

ನಾನು ನರ್ಸ್ ಆಗಿದ್ದುಕೊಂಡು ನೈಟಿಂಗೇಲ್ ಹೆಸರು ಎತ್ತದಿದ್ದರೆ ನನ್ನ ವಿದ್ಯಾರ್ಥಿನಿಯರು ಬಿಟ್ಟಾರೆಯೆ? ಕ್ರಿಮಿಯಾ ಯುದ್ಧದ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದದ್ದು 1854ರ ನವೆಂಬರಿನಲ್ಲಿ. ಬಂದವರೇ ನೆಲ ಉಜ್ಜಿಸಿದರು, ಬಟ್ಟೆ ಒಗೆಸಿದರು, ಊಟ ಸುಧಾರಿಸಿದರು. ಆದರೂ ಆ ಚಳಿಗಾಲ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚಿನಲ್ಲಿ ಬಂದ ಸ್ಯಾನಿಟರಿ ಕಮಿಷನ್ ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ಬಿಡಿಸಿ, ಗಾಳಿಯಾಡಲು ದಾರಿ ಮಾಡಿಸಿತು. ಆಮೇಲೆ ಸಾವು ಇಳಿಯಿತು. ಮುಂದೆ ಇಂಗ್ಲೆಂಡಿಗೆ ಮರಳಿ ಲೆಕ್ಕ ಹಾಕಿ ನೋಡಿದಾಗ ನೈಟಿಂಗೇಲರಿಗೇ ಇದು ಮನವರಿಕೆಯಾಯಿತು. ಕೈಯಲ್ಲಿ ದೀಪ ಹಿಡಿದ ಚಿತ್ರವನ್ನೇ ಎಲ್ಲರೂ ಅಚ್ಚು ಹಾಕುತ್ತಾರೆ, ಸಾವುಗಳ ನಕ್ಷೆ ಬಿಡಿಸಿದ ಅಂಕಿಅಂಶದ ಹೆಂಗಸನ್ನು ಯಾರೂ ನೆನೆಯುವುದಿಲ್ಲ. ಇರಲಿ, ಅದು ಬೇರೆ ಪತ್ರದ ವಿಷಯ.

ನಿಜವಾಗಿ ನಾನು ಹೇಳಬೇಕಾದ್ದು ಕೈಯ ಬಗ್ಗೆ. 1847, ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗ. ಅಲ್ಲಿ ಎರಡು ವಾರ್ಡುಗಳು: ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರಿದ್ದ ವಾರ್ಡಿನಲ್ಲೇ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯನಿಗೆ ಇದರ ಗುಟ್ಟು ಬಿಡಿಸಲಾಗುತ್ತಿರಲಿಲ್ಲ. ಅದೇ ವರ್ಷ ಅವನ ಸ್ನೇಹಿತ, ಶವಪರೀಕ್ಷೆಯ ಪ್ರಾಧ್ಯಾಪಕ ಕೊಲೆಚ್ಕ, ಶವ ಕೊಯ್ಯುವಾಗ ವಿದ್ಯಾರ್ಥಿಯ ಚಾಕು ಬೆರಳಿಗೆ ತಾಗಿ ಸತ್ತ. ಅವನ ದೇಹದೊಳಗೆ ಕಂಡದ್ದು, ಸತ್ತ ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದದ್ದೇ. ಸೆಮ್ಮೆಲ್‌ವೈಸನಿಗೆ ಅಲ್ಲಿಗೆ ಹೊಳೆಯಿತು: ವೈದ್ಯರು ಶವಾಗಾರದಿಂದ ನೇರ ಹೆರಿಗೆಯ ಮಂಚಕ್ಕೆ ಬರುತ್ತಿದ್ದಾರೆ, ಕೈಯಲ್ಲಿ ಏನನ್ನೋ ತರುತ್ತಿದ್ದಾರೆ. ಸೂಲಗಿತ್ತಿಯರು ಶವ ಮುಟ್ಟುವುದಿಲ್ಲ.

ಈ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ‘ಆ ಕಾಲದ ವೈದ್ಯರು ಕೈಯನ್ನೇ ತೊಳೆಯುತ್ತಿರಲಿಲ್ಲ’ ಎಂದು ಬರೆದುಬಿಡುತ್ತಾರೆ. ತೊಳೆಯುತ್ತಿದ್ದರು, ಸ್ವಾಮಿ. ಸಾಬೂನಿನಲ್ಲೇ ತೊಳೆಯುತ್ತಿದ್ದರು. ನೋಡಲು ಕೈ ಶುಭ್ರವಾಗಿಯೇ ಇರುತ್ತಿತ್ತು. ಆದರೆ ಮೂಗಿನ ಹತ್ತಿರ ಹಿಡಿದರೆ ಶವದ ವಾಸನೆ ಹೋಗಿರುತ್ತಿರಲಿಲ್ಲ. ಸೆಮ್ಮೆಲ್‌ವೈಸ್ ಗಮನಿಸಿದ್ದು ಅದನ್ನು. ಆದ್ದರಿಂದಲೇ ಮೊದಲು ಕ್ಲೋರಿನ್ ನೀರು, ಆಮೇಲೆ ಅಗ್ಗವಾದ ಬ್ಲೀಚಿಂಗ್ ಪೌಡರಿನ ನೀರು ಇಡಿಸಿ, ಅದರಲ್ಲಿ ಕೈ ಅದ್ದಿ ಉಜ್ಜಿದ ಮೇಲೆಯೇ ವಾರ್ಡಿಗೆ ಬರಬೇಕು ಎಂದು ಕಟ್ಟುನಿಟ್ಟು ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಬಂತು. ಶುಭ್ರವಾದ ಕೈಗೂ ಹೈಜೀನಿಕ್ ಆದ ಕೈಗೂ ನಡುವೆ ಎಷ್ಟು ಅಂತರವಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಅಂಕಿಗಳನ್ನು ಹೇಳುತ್ತೇನೆ. ಸೂಕ್ಷ್ಮಾಣುಗಳ ಪಾತ್ರವನ್ನು ಪಾಶ್ಚರ್, ಕಾಕ್ ಮುಂತಾದವರು ಪುರಾವೆ ಸಮೇತ ತೋರಿಸಿದ್ದು ಇದರ ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಸತ್ತಾಗಿತ್ತು.

ನಮ್ಮ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಒಂದು ಬಗೆಯ ಲೋಷನ್ ಇದೆ. ಅಂಗೈಗೆ ಹಚ್ಚಿದರೆ ಬರಿಗಣ್ಣಿಗೆ ಏನೂ ಕಾಣದು. ನೇರಳಾತೀತ ದೀಪದ ಕೆಳಗೆ ಹಿಡಿದರೆ ಹಚ್ಚಿದ ಕಡೆಯೆಲ್ಲ ನೀಲಿಯಾಗಿ ಹೊಳೆಯುತ್ತದೆ. ಹಚ್ಚಿಸಿ, ‘ಹೋಗಿ ನಿಮ್ಮ ಅಭ್ಯಾಸದಂತೆ ಚೆನ್ನಾಗಿ ಕೈ ತೊಳೆದು ಬನ್ನಿ’ ಎನ್ನುತ್ತಿದ್ದೆ. ತೊಳೆದು ಬಂದ ಕೈಗಳು ನೋಡಲು ನಳನಳಿಸುತ್ತಿದ್ದವು. ಬಾಗಿಲು ಹಾಕಿ ದೀಪದ ಕೆಳಗೆ ಹಿಡಿಸಿದರೆ ಅಂಗೈ ಕಪ್ಪಗೆ, ಅಂದರೆ ಲೋಷನ್ ಹೋಗಿದೆ. ಆದರೆ ಹೆಬ್ಬೆರಳಿನ ಸುತ್ತ, ಬೆರಳ ತುದಿಯಲ್ಲಿ, ಉಗುರಿನ ಅಂಚಿನಲ್ಲಿ, ಬೆರಳುಗಳ ಸಂದಿಯಲ್ಲಿ ನೀಲಿ ಗೆರೆಗಳು. ಉಂಗುರ ತೊಟ್ಟವರ ಬೆರಳಿಗಂತೂ ಇನ್ನೊಂದು ನೀಲಿ ಉಂಗುರ. ರೋಗಿಯನ್ನು ನಾವು ಮುಟ್ಟುವುದು ಬೆರಳ ತುದಿಯಿಂದ, ತೊಳೆಯುವುದು ಅಂಗೈಯನ್ನು! ಬಲಗೈಯವರ ಬಲ ಹೆಬ್ಬೆರಳು ಹೆಚ್ಚು ಹೊಳೆಯುವುದನ್ನೂ ಗಮನಿಸಿದ್ದೇನೆ, ಏಕೆಂದರೆ ತೊಳೆಯುವ ಕೈ ತನ್ನನ್ನು ತಾನೇ ಮರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಾಬೂನು ನೀರಿಗೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣಕ್ಕೆ 20ರಿಂದ 30 ಸೆಕೆಂಡು ಎಂದು ಹೇಳಿರುವುದು, ಈ ಮೂಲೆಗಳಿಗೆಲ್ಲ ಹೋಗಿಬರಲು ಅಷ್ಟು ಹೊತ್ತು ಬೇಕೆಂದೇ.

ಸ್ಯಾನಿಟೈಸರ್ ಬಗ್ಗೆಯೂ ಒಂದು ಮಾತು. ಪೂರ್ತಿ ಶುದ್ಧ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರು ಬಹಳ. ಅಲ್ಲ. ಸೂಕ್ಷ್ಮಾಣುವಿನ ಪ್ರೋಟೀನು ಕೆಡಬೇಕಾದರೆ ಜೊತೆಗೆ ಸ್ವಲ್ಪ ನೀರು ಬೇಕು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ 80 ಶೇಕಡಾ, ಐಸೊಪ್ರೊಪೈಲ್ ಆದರೆ 75. ಹೆಚ್ಚು ಶುದ್ಧವಾದದ್ದು ಕಡಿಮೆ ಕೆಲಸ ಮಾಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳ ಮುಂದೆ ಆಲ್ಕೋಹಾಲಿನ ಆಟ ನಡೆಯುವುದೇ ಇಲ್ಲ, ಅಲ್ಲಿ ಸಾಬೂನು ಹಾಕಿ ಉಜ್ಜಿ ನೀರಿನಲ್ಲಿ ಕೊಚ್ಚಿ ಕಳಿಸಬೇಕು. ಕೈಗವಸು ತೊಟ್ಟರೆ ಮುಗಿಯಿತು ಎನ್ನುವವರ ಬಗ್ಗೆ ಏನು ಹೇಳಲಿ? ಗವಸು ಕಾಯುವುದು ತೊಟ್ಟವರ ಕೈಯನ್ನು. ಅದೇ ಗವಸಿನಲ್ಲಿ ಫೋನು, ಬಾಗಿಲ ಹಿಡಿ, ಇನ್ನೊಬ್ಬ ರೋಗಿ ಎಲ್ಲವನ್ನೂ ಮುಟ್ಟುತ್ತ ಹೋದರೆ ಅದು ಹೊತ್ತು ತಿರುಗುವ ಕೊಳಕೇ ಹೊರತು ಬೇರೇನಲ್ಲ.

ಪದದ ಕಥೆಗೆ ಮರಳುತ್ತೇನೆ, ಅದರಲ್ಲಿ ಒಂದು ಕರಾಳ ಪುಟ ಬಾಕಿ ಇದೆ. ಹೈಜೀನ್ ಎಂದರೆ ಕೊಳಕು ತೆಗೆಯುವುದು ಎಂಬ ಅರ್ಥ ಗಟ್ಟಿಯಾದ ಮೇಲೆ, ಕೊಳಕು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆ ಎದ್ದಿತು. 1895ರಲ್ಲಿ ಜರ್ಮನಿಯ ಆಲ್ಫ್ರೆಡ್ ಪ್ಲೋಟ್ಸ್ ಎಂಬ ವೈದ್ಯ ‘ಜನಾಂಗದ ಹೈಜೀನ್’ ಎಂಬ ಮಾತನ್ನು ಚಲಾವಣೆಗೆ ತಂದ. 1933ರಲ್ಲಿ ನಾಜಿ ಸರ್ಕಾರ ಅದನ್ನು ಕಾನೂನು ಮಾಡಿತು. ವಂಶಪಾರಂಪರ್ಯ ಕಾಯಿಲೆ ಇದೆ ಎಂದು ಹಣೆಪಟ್ಟಿ ಹಚ್ಚಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಮಾಡಿದವರು ಬಿಳಿ ಕೋಟಿನ ವೈದ್ಯರು, ಕ್ರಿಮಿಶುದ್ಧ ಮಾಡಿದ ಕೊಠಡಿಗಳಲ್ಲಿ. ನಿಮ್ಮ ಅಂಕಣಕಾರರು ಇದನ್ನು ಬರೆಯಲಿಲ್ಲವೆಂದು ದೂರುತ್ತಿಲ್ಲ, ಎರಡು ಸಾಲಿನಲ್ಲಿ ಎಲ್ಲಿ ಹಿಡಿಸೀತು? ಆದರೆ ಒಂದು ಸಮುದಾಯವನ್ನೋ ಬಡಾವಣೆಯನ್ನೋ ‘ಸ್ವಚ್ಛಗೊಳಿಸುವ’ ಮಾತು ಯಾರ ಬಾಯಲ್ಲಿ ಬಂದರೂ ನನ್ನ ಕಿವಿ ನೆಟ್ಟಗಾಗುತ್ತದೆ.

ಇಂದು ಈ ಪದ ಎಲ್ಲೆಲ್ಲಿಗೋ ಹೋಗಿದೆ. ನಿದ್ದೆಯ ಹೈಜೀನ್ ಎನ್ನುತ್ತಾರೆ, ಕಂಪ್ಯೂಟರಿನವರು ಪಾಸ್‌ವರ್ಡಿನ ವಿಷಯದಲ್ಲಿ ಸೈಬರ್ ಹೈಜೀನ್ ಎನ್ನುತ್ತಾರೆ. ಕೆಲಸದ ಜಾಗದ ಬಗ್ಗೆ ಅಧ್ಯಯನ ಮಾಡಿದ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಸಂಬಳ, ಮೇಲಧಿಕಾರಿಯ ನಡತೆ ಇಂಥವನ್ನು ‘ಹೈಜೀನ್ ಅಂಶಗಳು’ ಎಂದು ಕರೆದ. ಇವು ಇದ್ದ ಮಾತ್ರಕ್ಕೆ ಉತ್ಸಾಹ ಉಕ್ಕುವುದಿಲ್ಲ, ಇಲ್ಲದಿದ್ದರೆ ಮಾತ್ರ ಅಸಮಾಧಾನ ಖಂಡಿತ. ಕೇಳಿದವರು ‘ಪಾಸ್‌ವರ್ಡಿಗೂ ಶುಚಿತ್ವಕ್ಕೂ ಏನು ಸಂಬಂಧ’ ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇವರೆಲ್ಲ ತಿಳಿದೋ ತಿಳಿಯದೆಯೋ ಪದವನ್ನು ಅದರ ಹಳೆಯ ಅರ್ಥದಲ್ಲೇ ಬಳಸುತ್ತಿದ್ದಾರೆ: ಕೆಡುವ ಮುಂಚೆ ದಿನದಿನವೂ ಮಾಡಿಕೊಳ್ಳುವ ಜೋಪಾನ.

ಕೆಟ್ಟ ಹೆಸರು ತಂದದ್ದು ಇನ್ನೊಂದು ಬಳಕೆ, ‘ಹೈಜೀನ್ ಹೈಪಾಥಿಸಿಸ್’. ಡೇವಿಡ್ ಸ್ಟ್ರಾಚನ್ ಎಂಬ ತಜ್ಞ 1989ರಲ್ಲಿ, 1958ರಲ್ಲಿ ಹುಟ್ಟಿದ 17,414 ಬ್ರಿಟಿಷ್ ಮಕ್ಕಳ ಮಾಹಿತಿ ನೋಡಿ, ಮನೆಯಲ್ಲಿ ಅಕ್ಕ ಅಣ್ಣಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಹೇ ಫೀವರ್ ಎಂಬ ಅಲರ್ಜಿ ಕಡಿಮೆ ಎಂದು ತೋರಿಸಿದ. ಚಿಕ್ಕಂದಿನಲ್ಲಿ ಸೋಂಕುಗಳು ಕಡಿಮೆಯಾದದ್ದು ಕಾರಣವಿರಬಹುದು ಎಂದು ಊಹಿಸಿದ. ಅಷ್ಟಕ್ಕೇ ‘ಅತಿ ಶುಚಿಯೇ ಅಲರ್ಜಿಗೆ ಕಾರಣ, ಕೈ ತೊಳೆಯಬೇಡಿ’ ಎಂಬ ಮಟ್ಟಕ್ಕೆ ಸುದ್ದಿ ಹಬ್ಬಿತು. ಗ್ರಹಾಂ ರೂಕ್ ಎಂಬ ವಿಜ್ಞಾನಿ 2003ರಲ್ಲಿ ಇದನ್ನು ತಿದ್ದಿ, ನಮಗೆ ಬೇಕಾದದ್ದು ರೋಗಾಣುಗಳಲ್ಲ, ಮಣ್ಣು, ಪ್ರಾಣಿ, ಜನಸಂಪರ್ಕದಿಂದ ಬರುವ ‘ಹಳೆಯ ಗೆಳೆಯ’ರಂಥ ನಿರುಪದ್ರವಿ ಸೂಕ್ಷ್ಮಜೀವಿಗಳು ಎಂದ. ಮಗು ಅಂಗಳದಲ್ಲಿ ಆಡಲಿ. ಶೌಚದಿಂದ ಬಂದ ಮೇಲೆ ಕೈ ತೊಳೆಯಲಿ. ಎರಡೂ ಹೈಜೀನೇ. ಆರೋಗ್ಯ ಎಂಬ ಅರ್ಥ ಹಿಡಿದರೆ ಇದರಲ್ಲಿ ವಿರೋಧ ಕಾಣುವುದಿಲ್ಲ, ಶುಚಿ ಎಂಬ ಅರ್ಥ ಹಿಡಿದವರಿಗೆ ಮಾತ್ರ ಗೊಂದಲ.

ಕನ್ನಡದಲ್ಲಿ ನಾವು ಇದಕ್ಕೆ ‘ನೈರ್ಮಲ್ಯ’ ಎನ್ನುತ್ತೇವೆ. ಮಲವಿಲ್ಲದಿರುವುದು, ಅಷ್ಟೇ ಅದರ ಅರ್ಥ. ಸ್ಯಾನಿಟೇಷನ್ನಿಗೂ ಅದೇ, ಕ್ಲೀನ್‌ಲಿನೆಸ್ಸಿಗೂ ಹೆಚ್ಚುಕಡಿಮೆ ಅದೇ. ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದೇವೆ. ಹೊಸ ಪದ ಟಂಕಿಸಿ ಎಂದು ನಾನು ಕೇಳುತ್ತಿಲ್ಲ. ಟಂಕಿಸಿದ ಪದಗಳು ಕಡತದಲ್ಲೇ ಕೊಳೆಯುವುದನ್ನು ಕಂಡಿದ್ದೇನೆ. ‘ಹೈಜೀನ್’ ಎಂದೇ ಬರೆಯಿರಿ, ಆದರೆ ಬರೆಯುವಾಗ ವರದಿಗಾರರು ಒಂದೆರಡು ಪ್ರಶ್ನೆ ಹೆಚ್ಚು ಕೇಳಲಿ. ಒಂದು ಶೌಚಾಲಯವನ್ನೋ ಅಡುಗೆಮನೆಯನ್ನೋ ‘ಹೈಜೀನಿಕ್’ ಎಂದು ಹೊಗಳುವ ಸುದ್ದಿಯ ಜೊತೆ ಯಾವಾಗಲೂ ಹೊಳೆಯುವ ಟೈಲ್ಸಿನ ಫೋಟೋ ಇರುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆಯೇ? ನಲ್ಲಿಯ ಪಕ್ಕ ಸಾಬೂನು ಇದೆಯೇ? ಕೊಳೆ ನೀರು ಎಲ್ಲಿಗೆ ಹೋಗುತ್ತದೆ? ನೆಲ ಒರೆಸಿದ ಬಟ್ಟೆಯಲ್ಲೇ ಮೇಜನ್ನೂ ಒರೆಸುತ್ತಾರೆಯೇ? ಶುಚಿ ಮಾಡುವ ಕೆಲಸಗಾರರಿಗೆ ಗವಸು, ಬೂಟು ಕೊಟ್ಟಿದ್ದಾರೆಯೇ? ಟೈಲ್ಸ್ ಈ ಯಾವುದಕ್ಕೂ ಉತ್ತರ ಹೇಳುವುದಿಲ್ಲ. ಘಮಘಮಿಸುವ ಸುವಾಸನೆಯಂತೂ ಹೇಳುವುದೇ ಇಲ್ಲ. ವಾಸನೆ ನಂಬಿದ ಚಾಡ್ವಿಕ್ ಕಥೆ ಮೇಲೆ ಬರೆದಿದ್ದೇನೆ. ಇನ್ನೊಂದು: ‘ಹೊಳಪಿಗಾಗಿ’ ಬ್ಲೀಚನ್ನೂ ಆಮ್ಲದ ಕ್ಲೀನರನ್ನೂ ಬೆರೆಸಿ ಉಜ್ಜಿ ಎಂಬ ಸಲಹೆ ಅಲ್ಲಿ ಇಲ್ಲಿ ಅಚ್ಚಾಗುತ್ತಿರುತ್ತದೆ. ಅದರಿಂದ ಹೊರಡುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಿನಲ್ಲಿ ಶ್ವಾಸಕೋಶ ಸುಡುತ್ತದೆ. ದಯವಿಟ್ಟು ಅಂಥದ್ದನ್ನು ಎಂದೂ ಹಾಕಬೇಡಿ.

ಅಂಕಣದಲ್ಲಿ ಕೊಟ್ಟಿರುವ ಇಂಗ್ಲಿಷ್ ಕಾಗುಣಿತವೂ ತಪ್ಪಾಗಿದೆ. ‘ಜಿ’ ಆದ ಮೇಲೆ ಮೊದಲು ‘ಐ’, ಆಮೇಲೆ ‘ಇ’. ಇದನ್ನು ತಿರುವುಮುರುವು ಮಾಡದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲವಾದ್ದರಿಂದ ನಿಮ್ಮ ಮೇಲೆ ಕೋಪವಿಲ್ಲ. ‘ಹುಗಿಯೇಸ್’ ಎಂಬ ಗ್ರೀಕ್ ಪದವನ್ನು ನೆನಪಿಟ್ಟರೆ ‘ಇ’ಕಾರ ಮೊದಲು, ‘ಏ’ಕಾರ ಆಮೇಲೆ ಎಂಬುದು ತಾನಾಗಿ ಕೂರುತ್ತದೆ.

ಕೊನೆಯದಾಗಿ, ಅಂಕಣದ ಪಕ್ಕದಲ್ಲಿ ಹಾಕಿರುವ ಚಿತ್ರ. ರೆಕ್ಕೆಯಿರುವ ಕೋಲು, ಅದಕ್ಕೆ ಸುತ್ತಿದ ಎರಡು ಹಾವು. ಅದು ಹೈಜಿಯಾಳದಲ್ಲ, ಅವಳ ಅಪ್ಪನದೂ ಅಲ್ಲ. ದೇವದೂತನೂ ವ್ಯಾಪಾರಿಗಳ ದೇವರೂ ಆದ ಹರ್ಮಿಸ್‌ನ ಕೋಲು ಅದು. ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ 1902ರಲ್ಲಿ ಅದನ್ನು ತನ್ನ ಲಾಂಛನ ಮಾಡಿಕೊಂಡ ಮೇಲೆ ಈ ಬೆರಕೆ ಎಲ್ಲ ಕಡೆ ಹಬ್ಬಿತು. ಆಸ್ಕ್ಲೀಪಿಯಸ್‌ನ ಕೋಲಿಗೆ ಹಾವು ಒಂದೇ, ರೆಕ್ಕೆ ಇಲ್ಲ. ಹೈಜಿಯಾಳ ಗುರುತು ಒಂದು ಬಟ್ಟಲು, ಅದರಿಂದ ಕುಡಿಯುತ್ತಿರುವ ಒಂದು ಹಾವು. ಔಷಧಶಾಸ್ತ್ರದ ಚಿಹ್ನೆಯಾಗಿ ಹಲವು ದೇಶಗಳಲ್ಲಿ ಈಗಲೂ ಬಳಕೆಯಲ್ಲಿದೆ. ತಿದ್ದುಪಡಿ ಹಾಕುವುದಾದರೆ ಆ ಚಿತ್ರವನ್ನೂ ಬದಲಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನರ್ಸಿಂಗ್ ಬೋಧಕಿ